ಬಿರುಕಿನೊಳಗಿನ ಬಣ್ಣ

ಸುಗ್ಗಿ ಶುರುವಾಯಿತೆಂದರೆ ನಮ್ಮ ಅಕ್ಕಿ ಮಿಲ್ಲಿನಲ್ಲಿ ಗಾಡಿ ತೂಗುವ ಕಾಟಾದ ಮುಂದೆ ಭತ್ತದ ಟ್ರಾಲಿಗಳು ರಸ್ತೆಯವರೆಗೂ ಸಾಲುಗಟ್ಟುತ್ತವೆ. ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯವರಿಗೆ ಈ ಸಾಲಿನ ಬಗ್ಗೆ ಹೇಳಬೇಕಾದ್ದೇನಿಲ್ಲ. ಡ್ರೈವರುಗಳು ಚಹಾದಂಗಡಿ ಹಿಡಿದಿರುತ್ತಾರೆ, ಹಮಾಲರು ನೆರಳು ಹಿಡಿದಿರುತ್ತಾರೆ, ಮಾಲೀಕರು ಕಿವಿಗೆ ಫೋನು ಹಿಡಿದು ಇವತ್ತಿನ ರೇಟು ವಿಚಾರಿಸುತ್ತಿರುತ್ತಾರೆ. ಮಿಲ್ಲಿನ ಎಲಿವೇಟರು, ಮೋಟರು, ಬೇರಿಂಗು ನೋಡಿಕೊಳ್ಳುವುದು ನನ್ನ ಕೆಲಸ. ಆ ದಿನಗಳಲ್ಲಿ ಪುರುಸೊತ್ತು ಕಡಿಮೆ. ಆದರೂ ಸಾಲಿನ ಪಕ್ಕ ಹಾದುಹೋಗುವಾಗ ಬಗ್ಗಿ ಟ್ರಾಲಿಗಳ ಅಡಿಭಾಗ ನೋಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಮೇಲೆ ನೋಡಿದರೆ ಹೊಚ್ಚ ಹೊಸ ಬಣ್ಣ, ಹಿಂದಿನ ಡೋರಿನ ಮೇಲೆ ಮನೆದೇವರ ಹೆಸರು, ಎರಡು ನವಿಲು, ಮಕ್ಕಳ ಹೆಸರು. ಕೆಳಗೆ ನೋಡಿದರೆ ತೇಪೆ. ಎಲ್ಲೋ ಒಂದು ಕಡೆ ಬಣ್ಣ ಸುಟ್ಟು ಕರಿಯಾಗಿ, ಅದರ ನಡುವೆ ಆ್ಯಂಗಲ್ಲಿನ ತುಂಡೊಂದು ಹತ್ತಿಸಿರುತ್ತಾರೆ. ಗುಂಡಿಯ ಏಟು ತಡೆಯುವ ಕಮಾನ್ ಪಟ್ಟಿಯ (ಲೀಫ್ ಸ್ಪ್ರಿಂಗಿನ) ಕಟ್ಟಿನಲ್ಲಿ ಒಂದೇ ಒಂದು ಪಟ್ಟಿ ಬಣ್ಣವಿಲ್ಲದೆ ಬೋಳಾಗಿರುತ್ತದೆ. ಮೊನ್ನೆ ಮೊನ್ನೆ ಬದಲಿಸಿದ್ದು. ಡೋರಿನ ಮೇಲಿನ ನವಿಲಿನ ಮೈಗೆ ಇನ್ನೂ ಧೂಳೂ ಕೂತಿರುವುದಿಲ್ಲ.

ಏನಾಯ್ತು ಅಂತ ಕೇಳಿದರೆ ಉತ್ತರ ಒಂದೇ. "ಓವರ್‌ಲೋಡ್ ಆಗಿತ್ರೀ." ಡ್ರೈವರ್ ಹೇಳುವುದೂ ಅದೇ, ಮಾಲೀಕ ಹೇಳುವುದೂ ಅದೇ, ದಾರಿಬದಿ ವೆಲ್ಡಿಂಗ್ ಅಂಗಡಿಯವನು ಹೇಳುವುದೂ ಅದೇ. ಟ್ರಾಲಿ ಕಟ್ಟಿಕೊಟ್ಟವನಂತೂ ಪ್ರಶ್ನೆ ಪೂರ್ತಿಯಾಗುವ ಮೊದಲೇ ಅದನ್ನು ಹೇಳಿ ಮುಗಿಸಿರುತ್ತಾನೆ. ಈ ಉತ್ತರದ ಜೊತೆ ನನ್ನ ಜಗಳ ಹಳೆಯದು. ಅದು ಸುಳ್ಳಾಗಿದ್ದರೆ ಜಗಳ ಸುಲಭವಿತ್ತು. ಕಾಟಾದ ಚೀಟಿ ನನ್ನ ಕಣ್ಣೆದುರೇ ಬರುತ್ತದೆ. ಓವರ್‌ಲೋಡ್ ಆಗದ ಟ್ರಾಲಿ ಸುಗ್ಗಿಯಲ್ಲಿ ನಮ್ಮ ಗೇಟಿನೊಳಗೆ ಬರುವುದು ಅಪರೂಪ. ನಿಜವಾದ ಈ ಮಾತಿನ ಹಿಂದೆ ಇನ್ನೊಂದು ನಿಜ ಅಡಗಿ ಕೂತುಕೊಳ್ಳುತ್ತಿದೆ, ಅದೇ ತಕರಾರು.

ಕಾಲುವೆ ದಾರಿಯಲ್ಲಿ

ಅಣ್ಣ ಎಂದರೆ ನಮ್ಮ ದೊಡ್ಡಪ್ಪನ ಮಗ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಸ್ವಂತದ ಗದ್ದೆ ಒಂದಿಷ್ಟು, ಲೀಜಿಗೆ ಹಿಡಿದದ್ದು ಒಂದಿಷ್ಟು. ಟ್ರ್ಯಾಕ್ಟರು ಹಳೆಯದು, ಟ್ರಾಲಿ ಹೊಸದು: ನಾಲ್ಕು ಗಾಲಿಯದು, ಮುಂದಿನ ಎಕ್ಸೆಲ್ಲಿನ ಮೇಲೆ ಅದನ್ನು ತಿರುಗಿಸುವ ಟರ್ನ್‌ಟೇಬಲ್ಲು, ನಾಲ್ಕೂ ಗಾಲಿಗೆ ಕಮಾನ್ ಪಟ್ಟಿ. ಅವನು ಅಡ್ವಾನ್ಸ್ ಕೊಟ್ಟು ಬಂದದ್ದು 2024ರ ಮಳೆಗಾಲದಲ್ಲಿ. ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋದಾಗ, ಇನ್ನು ನೀರೂ ಇಲ್ಲ ಭತ್ತವೂ ಇಲ್ಲ, ಟ್ರಾಲಿ ತಗೊಂಡು ಏನು ಮಾಡಲಿ ಅಂತ ತಲೆ ಮೇಲೆ ಕೈ ಹೊತ್ತು ಕೂತಿದ್ದ. ವಾರದೊಳಗೆ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟು) ಇಳಿಸಿದರು. ಡ್ಯಾಮು ಮತ್ತೆ ತುಂಬಿತು, ನಾಟಿ ಉಳಿಯಿತು, ಟ್ರಾಲಿಯೂ ಮನೆಗೆ ಬಂತು.

ಅದೇ ಸುಗ್ಗಿಯಲ್ಲಿ ಟ್ರಾಲಿ ಕೂತುಬಿಟ್ಟಿತು. ಕಾಲುವೆ ದಂಡೆಯ ಮೇಲಿನ ಕಚ್ಚಾ ದಾರಿ, ಗದ್ದೆಯಿಂದ ಆಗತಾನೇ ಮೇಲೆ ಹತ್ತಿಸಿದ್ದರು. ಹಿಂದಿನ ಎಡಗಾಲಿಯ ಕಮಾನ್ ಪಟ್ಟಿಯನ್ನು ಚಾಸಿಗೆ, ಅಂದರೆ ಟ್ರಾಲಿಯ ಅಡಿಚೌಕಟ್ಟಿಗೆ, ಹಿಡಿದಿಡುವ ಬ್ರಾಕೆಟ್ಟು ಬುಡಸಮೇತ ಕಿತ್ತು ಬಂದಿತ್ತು. ಎಕ್ಸೆಲ್ಲು ಒಂದು ಕಡೆ ಹಿಂದೆ ಸರಿದು, ಟಯರು ಬಾಡಿಗೆ ತಿಕ್ಕಿ ಹೊಗೆ ಬಂದ ಮೇಲೆ ಡ್ರೈವರಿಗೆ ಗೊತ್ತಾದದ್ದು. ಫೋನು ಬಂದಾಗ ನಾನು ಮಿಲ್ಲಿನಲ್ಲಿದ್ದೆ. ಹೋಗಿ ನೋಡಿದರೆ ಟ್ರಾಲಿ ಕಾಲುವೆಯ ಕಡೆಗೆ ವಾಲಿಕೊಂಡು ನಿಂತಿದೆ; ಹಮಾಲರು ಅದರ ಮೇಲೆ ಹತ್ತಲು ಒಲ್ಲೆ ಅನ್ನುತ್ತಿದ್ದಾರೆ; ಅಣ್ಣ ಯಾರಿಗೂ ಏನೂ ಅನ್ನದೆ ತಾನೇ ಮೇಲೆ ಹತ್ತಿ ಬಲಗಡೆಯ ಚೀಲಗಳನ್ನು ಮುಟ್ಟದೆ ಎಡಗಡೆಯವನ್ನಷ್ಟೇ ಒಂದೊಂದಾಗಿ ಕೆಳಗೆ ದೂಡುತ್ತಿದ್ದಾನೆ. ಭಾರ ಯಾವ ಕಡೆ ಇಳಿಸಿದರೆ ಗಾಡಿ ಮಗುಚುವುದಿಲ್ಲ ಅನ್ನುವುದನ್ನು ಅವನಿಗೆ ಯಾರೂ ಕಲಿಸಬೇಕಾಗಿಲ್ಲ.

ಊರಿನ ವೆಲ್ಡಿಂಗ್ ಚಾಚಾ ಜಾಕು, ಚೈನು, ಎರಡು ಕಟ್ಟಿಗೆ ದಿಮ್ಮಿ ತಂದು ಎಕ್ಸೆಲ್ಲನ್ನು ಬಿಗಿದು ಕಟ್ಟಿದರು. ಖಾಲಿ ಟ್ರಾಲಿ ತೆವಳುತ್ತ ಅವರ ಅಂಗಡಿ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು. ಮುರಿದ ಬ್ರಾಕೆಟ್ಟನ್ನು ನಾನು ಕೈಯಲ್ಲಿ ಹಿಡಿದದ್ದು ಅಲ್ಲಿ. ಚಾಚಾ ಅದನ್ನು ಲೈಟಿನ ಕೆಳಗೆ ತಿರುಗಿಸಿ, ಮುರಿದ ಅಂಚಿನ ಉದ್ದಕ್ಕೂ ಹೆಬ್ಬೆರಳು ಎಳೆದರು.

"ಇದು ಇವತ್ತ ಕಿತ್ತಿದ್ದಲ್ರೀ. ಇದು ಹತ್ತೇ ಇಲ್ಲ."

ಮುರಿದ ಜಾಗದಲ್ಲಿ ಮೂರು ಬಣ್ಣ ಕಾಣುತ್ತಿತ್ತು. ಒಂದು ತುದಿಯಲ್ಲಿ ಬೆರಳಗಲದಷ್ಟು ಜಾಗ ನಯವಾಗಿ, ಇಟ್ಟಿಗೆ ಕೆಂಪಗೆ ಇತ್ತು. ಮೊದಲು ತುಕ್ಕು ಅಂದುಕೊಂಡೆ. ಉಗುರಿನಿಂದ ಕೆರೆದರೆ ಪದರಾಗಿ ಎದ್ದು ಬಂತು. ರೆಡ್ ಆಕ್ಸೈಡು, ಬಣ್ಣಕ್ಕೂ ಮೊದಲು ಬಳಿಯುವ ಪ್ರೈಮರು. ಅದರ ಮೇಲೆ ಅಲ್ಲಲ್ಲಿ ಟ್ರಾಲಿಯ ನೀಲಿ ಬಣ್ಣವೂ ಇಳಿದು ಒಣಗಿತ್ತು. ಅದರಾಚೆ ಕಂದು ಬಣ್ಣದ ಪಟ್ಟೆ, ಅದು ನಿಜವಾದ ತುಕ್ಕು. ಕೊನೆಗೆ ಉಳಿದ ಭಾಗ ಬೆಳ್ಳಗೆ, ಹರಳು ಹರಳಾಗಿ ಹೊಳೆಯುತ್ತಿತ್ತು. ಆ ಸಂಜೆ ಕಡಿದದ್ದು ಹೊಳೆಯುವ ಭಾಗ ಮಾತ್ರ. ಕಂದು ಪಟ್ಟೆ ಕೆಲವು ವಾರಗಳಿಂದ ಪ್ರತಿ ಗುಂಡಿಗೂ ಒಂದಿಷ್ಟು ಬೆಳೆಯುತ್ತ ಬಂದ ಬಿರುಕು. ಗಾಳಿ, ನೀರು ತಾಗಿ ತುಕ್ಕು ಹಿಡಿದಿತ್ತು. ಇನ್ನು ಕೆಂಪು ಭಾಗ ಎಂದೂ ಒಂದಾಗಿರಲೇ ಇಲ್ಲ. ವೆಲ್ಡಿಂಗ್ ಕಬ್ಬಿಣವು ಚಾಸಿಯ ಉದ್ದದ ತೊಲೆಯಾದ ಚಾನೆಲ್ಲನ್ನು ಕರಗಿಸಿ ಒಳಗೆ ಇಳಿಯದೆ ಮೇಲೆ ಮಾತ್ರ ಕೂತಿತ್ತು, ಸಂದಿ ಹಾಗೇ ಉಳಿದಿತ್ತು. ಪ್ರೈಮರ್ ಬಳಿದಾಗ ಆ ಸಂದಿಯೊಳಗೆ ರೆಡ್ ಆಕ್ಸೈಡು ಇಳಿಯಿತು, ಆಮೇಲೆ ನೀಲಿ ಇಳಿಯಿತು. ಅಂದರೆ ಟ್ರಾಲಿ ಮೊದಲ ಚೀಲ ಹೊರುವುದಕ್ಕೂ ಮುಂಚೆ, ಬಣ್ಣ ಕಾಣುವುದಕ್ಕೂ ಮುಂಚೆ ಅದು ಮುರಿದೇ ಇತ್ತು.

ಚಾಚಾ ಇನ್ನೂ ಒಂದು ತೋರಿಸಿದರು. ಬ್ರಾಕೆಟ್ಟಿಗೂ ಚಾನೆಲ್ಲಿಗೂ ನಡುವೆ ಅಂತರ ಬಿದ್ದಿದ್ದ ಕಡೆ ಸರಳಿನ ತುಂಡೊಂದನ್ನು ತುರುಕಿ ಅದರ ಮೇಲೆ ವೆಲ್ಡಿಂಗ್ ಎಳೆದಿದ್ದರು. ಹೊರಗಿನಿಂದ ನೋಡಿದರೆ ದಪ್ಪಗೆ, ಚಂದಗೆ ಕಾಣುವ ವೆಲ್ಡಿಂಗು. "ನಮ್ಮ ಹುಡುಗ್ರೂ ಮಾಡ್ತಾರ್ರೀ, ನಾ ಬೈತೀನಿ. ಗುತ್ತಿಗಿ ಕೆಲಸ. ಸಂಜೀ ಮುಂದ ಓಲ್ಟೇಜ್ ಇರಂಗಿಲ್ಲ, ರಾಡು ಸುಡತದ, ಕಬ್ಬಿಣ ಕರಗಂಗಿಲ್ಲ. ಮ್ಯಾಲೆ ಬಣ್ಣ ಹೊಡದ್ರ ಯಾರಿಗ ಗೊತ್ತಾಕ್ಕದ?"

ಭಾರದ ಲೆಕ್ಕ

ಇಷ್ಟೆಲ್ಲ ನೋಡಿಯೂ ಓವರ್‌ಲೋಡಿನ ಮಾತನ್ನು ತಳ್ಳಿಹಾಕುವಂತಿಲ್ಲ. ನಮ್ಮ ಕಡೆ ಭತ್ತದ ಚೀಲ 75 ಕೆ.ಜಿ. ನೂರು ಚೀಲ ಹೇರಿದರೆ 7.5 ಟನ್. ಆರ್‌ಸಿಯಲ್ಲಿ 5 ಟನ್ನಿನ ಲೆಕ್ಕವಿರುವ ಟ್ರಾಲಿಗೆ ಅದು ಒಂದೂವರೆ ಪಟ್ಟು. ಪಕ್ಕಕ್ಕೆ ಹಲಗೆ ಏರಿಸಿ 130ರ ಮೇಲೆ ಹಾಕಿದರೆ ಎರಡು ಪಟ್ಟು. ಎರಡು ಪಟ್ಟು ಹೇರಿದರೆ ಟ್ರಾಲಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ, ಅಷ್ಟೇ ತಾನೆ ಎಂದು ಜನ ಅಂದುಕೊಳ್ಳುತ್ತಾರೆ. ವೆಲ್ಡಿಂಗ್ ಮಾಡಿದ ಕಬ್ಬಿಣದ ಲೆಕ್ಕ ಹಾಗಿಲ್ಲ. ಮತ್ತೆ ಮತ್ತೆ ಬೀಳುವ ಭಾರದ ಕೆಳಗೆ ವೆಲ್ಡಿಂಗಿನ ಅಂಚು ಎಷ್ಟು ಕಾಲ ತಾಳುತ್ತದೆ ಅನ್ನುವುದು ಸ್ಥೂಲವಾಗಿ ಆ ಒತ್ತಡದ ಘನಕ್ಕೆ ತಕ್ಕಂತೆ ಇಳಿಯುತ್ತದೆ. ಒತ್ತಡ ಎರಡು ಪಟ್ಟಾದರೆ ಆಯುಷ್ಯ ಎಂಟರಲ್ಲಿ ಒಂದು ಭಾಗ. ಒಂದೂವರೆ ಪಟ್ಟಾದರೆ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಕಡಿಮೆ. ಗುಂಡಿಯಲ್ಲಿ ದಡಕ್ಕನೆ ಬೀಳುವ ಏಟು ಬೇರೆ.

ಆದರೆ ಇದೇ ಲೆಕ್ಕ ಟ್ರಾಲಿ ಕಟ್ಟಿದವನ ವಿರುದ್ಧವೂ ನಿಲ್ಲುತ್ತದೆ. ಸರಿಯಾದ ಭಾರದಲ್ಲಿ ಹದಿನೈದು ವರ್ಷ ಬಾಳಬೇಕಾದ ಬ್ರಾಕೆಟ್ಟು ಒಂದೂವರೆ ಪಟ್ಟು ಭಾರದಲ್ಲಿ ನಾಲ್ಕು ವರ್ಷವಾದರೂ ಬರಬೇಕು, ಎರಡು ಪಟ್ಟು ಹೇರಿದರೂ ಎರಡು ವರ್ಷದ ಹತ್ತಿರ ಬರಬೇಕು. ಒಂದು ಸುಗ್ಗಿ ದಾಟದಿದ್ದರೆ ಭಾರದ ಜೊತೆ ಬೇರೆ ಏನೋ ಇದೆ. ಅದೂ ಅಲ್ಲದೆ ಓವರ್‌ಲೋಡಿಗೆ ಪಕ್ಷಪಾತವಿಲ್ಲ. ಭಾರ ಹೆಚ್ಚಾಗಿ ಹೋಗುವ ಟ್ರಾಲಿಯಲ್ಲಿ ಎರಡೂ ಕಡೆಯ ಕಮಾನು ಚಪ್ಪಟೆಯಾಗುತ್ತದೆ, ಎಕ್ಸೆಲ್ಲು ನಡುವೆ ಬಾಗಿ ಎರಡೂ ಗಾಲಿಯ ಮೇಲ್ತುದಿ ಒಳಗೆ ವಾಲುತ್ತದೆ, ಟಯರುಗಳು ಜೋಡಿಯಾಗಿ ಸವೆಯುತ್ತವೆ. ಅಣ್ಣನ ಟ್ರಾಲಿಯ ಎಕ್ಸೆಲ್ಲು ನೆಟ್ಟಗಿತ್ತು, ನಾಲ್ಕೂ ಕಮಾನಿನ ಬಾಗು ಸರಿಯಾಗಿತ್ತು. ಎಂಟು ಬ್ರಾಕೆಟ್ಟಿನಲ್ಲಿ ಒಂದು ಮಾತ್ರ ಕಿತ್ತಿತ್ತು. ಮಾರನೇ ದಿನ ಮಿಲ್ಲಿನಲ್ಲಿ ಶಾಫ್ಟಿನ ಬಿರುಕು ಹುಡುಕಲು ಬಳಸುವ ಕೆಂಪು ಡೈ ಮತ್ತು ಬಿಳಿ ಪುಡಿಯ ಸ್ಪ್ರೇ ಒಯ್ದು ಉಳಿದ ಏಳನ್ನೂ ನೋಡಿದೆವು. ಎರಡರಲ್ಲಿ ಬಿಳಿಯ ಮೇಲೆ ಕೆಂಪು ಗೆರೆ ಎದ್ದು ಬಂತು. (ಸ್ಪ್ರೇ ಇಲ್ಲದವರು ಡೀಸೆಲ್ ಸವರಿ, ಚೆನ್ನಾಗಿ ಒರೆಸಿ, ಸುಣ್ಣದ ಪುಡಿ ಉದುರಿಸಿ ನೋಡಬಹುದು. ಬಿರುಕಿನೊಳಗೆ ಇಳಿದ ಡೀಸೆಲ್ ಸ್ವಲ್ಪ ಹೊತ್ತಿಗೆ ಸುಣ್ಣದ ಮೇಲೆ ಗೆರೆಯಾಗಿ ಮೂಡುತ್ತದೆ. ರೈಲ್ವೆಯವರು ಹಿಂದೆ ಎಕ್ಸೆಲ್ಲುಗಳನ್ನು ಪರೀಕ್ಷಿಸುತ್ತಿದ್ದದ್ದು ಹೆಚ್ಚುಕಡಿಮೆ ಹೀಗೇ.)

ಡ್ಯಾಮಿನ ಗೇಟು ಹೋದಾಗ ನಮ್ಮ ಮಿಲ್ಲಿನಲ್ಲಿ ಚಹಾ ಕುಡಿಯುವವರೆಲ್ಲ ಗೇಟಿನ ಇಂಜಿನಿಯರುಗಳಾಗಿದ್ದರು. ಚೈನು ಯಾಕೆ ಕಡಿಯಿತು, ಯಾವಾಗ ಗ್ರೀಸು ಹಾಕಿದ್ದರು, ಯಾರು ನೋಡಬೇಕಿತ್ತು. ಏಳು ದಶಕ ನಿಂತ ಅಣೆಕಟ್ಟೆಗೆ ಇಷ್ಟು ಪ್ರಶ್ನೆ ಕೇಳಿದ ಜನ, ಒಂದು ಸುಗ್ಗಿಯೂ ನಿಲ್ಲದ ಟ್ರಾಲಿಗೆ ಒಂದೂ ಪ್ರಶ್ನೆ ಕೇಳದೆ ತೇಪೆ ಹಾಕಿಸಿಕೊಂಡು ಹೊರಡುತ್ತಾರೆ. ಅದೇ ಟ್ರಾಲಿಯಲ್ಲಿ ಹುಣ್ಣಿಮೆಗೆ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗುತ್ತಾರೆ, ಹತ್ತಿ ಬಿಡಿಸಲು ಹೆಣ್ಣುಮಕ್ಕಳನ್ನು ಹೇರಿಕೊಂಡು ಹೋಗುತ್ತಾರೆ. ಕಾನೂನು ಒಪ್ಪುವುದಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆ ದಿನ ಕಾಲುವೆಯ ಕಡೆ ವಾಲಿದ ಟ್ರಾಲಿಯಲ್ಲಿ ಚೀಲಗಳಿದ್ದವು, ಅಷ್ಟೇ.

ಟ್ರಾಲಿ ಕೊಳ್ಳುವ ದಿನ

ಅಣ್ಣನ ಟ್ರಾಲಿ ಡೆಲಿವರಿ ತೆಗೆದುಕೊಂಡ ದಿನ ನಾನೂ ಯಾರ್ಡಿಗೆ ಹೋಗಿದ್ದೆ. ಟ್ರಾಲಿ ಕಟ್ಟುವ ಯಾರ್ಡು ನೋಡಲು ಚಂದ. ಒಂದು ಕಡೆ ಕಟಿಂಗು, ಒಂದು ಕಡೆ ತಲೆಕೆಳಗಾಗಿ ಇಟ್ಟ ಚಾಸಿಗಳು, ಮೂಲೆಯಲ್ಲಿ ಹಳೆ ಲಾರಿಯಿಂದ ಬಿಚ್ಚಿದ ಎಕ್ಸೆಲ್ಲುಗಳ ರಾಶಿ, ತಗಡಿನ ಶೆಡ್ಡಿನ ಕೆಳಗೆ ಪೇಂಟರು ನವಿಲಿನ ಗರಿ ತಿದ್ದುತ್ತಿರುತ್ತಾನೆ. ಅಣ್ಣನ ಕಡೆಯಿಂದ ಬಂದವರೆಲ್ಲ ಏನು ನೋಡಿದರು? ಬಾಡಿಯ ಎತ್ತರ ಗೇಣು ಹಾಕಿ ನೋಡಿದರು. ತಗಡನ್ನು ಬಡಿದು ದಪ್ಪ ನೋಡಿದರು. ಟಯರಿನ ಕಂಪನಿ ನೋಡಿದರು. ಹೆಸರಿನಲ್ಲಿ ಒತ್ತಕ್ಷರ ಸರಿಯಿದೆಯೇ ಎಂದು ಓದಿಸಿ ನೋಡಿದರು. ಒಟ್ಟು ತೂಕ ಎಷ್ಟಾಗಿದೆ ಅಂತ ಕೇಳಿದರು; ತೂಕ ಹೆಚ್ಚಿದ್ದರೆ ಗಟ್ಟಿ ಅನ್ನುವುದು ನಮ್ಮ ಭಾಗದ ನಂಬಿಕೆ. ಗಾಲಿ ಕೆಳಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು, ಹುಕ್ಕಿಗೆ ಮಾಲೆ ಹಾಕಿ ಹೊರಟರು. ಅಡಿಗೆ ಯಾರೂ ತೂರಲಿಲ್ಲ. ತೂರಿದ್ದರೂ ನೀಲಿ ಬಣ್ಣವೇ ಕಾಣುತ್ತಿತ್ತು.

ತೂಕದ ನಂಬಿಕೆಯೇ ಅರ್ಧ ಕೇಡು ಅನ್ನಿಸುತ್ತದೆ ನನಗೆ. ಬಾಡಿಯ ಸುತ್ತ ದಪ್ಪ ತಗಡು, ಎತ್ತರದ ಡೋರು, ಮೇಲೆ ಇನ್ನಷ್ಟು ಆ್ಯಂಗಲ್ಲು. ಕಣ್ಣಿಗೆ ಬೀಳುವ ಕಡೆಯೆಲ್ಲ ಕಬ್ಬಿಣ ಸುರಿಯುತ್ತಾರೆ. ಆ ಕಬ್ಬಿಣದ ಭಾರವನ್ನೂ ಹೊರಬೇಕಾದ ಬ್ರಾಕೆಟ್ಟಿನ ಪಕ್ಕ ಒಂದು ತ್ರಿಕೋನದ ಸಪೋರ್ಟ್ ಪ್ಲೇಟು ಇರುವುದಿಲ್ಲ. ಗದ್ದೆಯಿಂದ ಒಡ್ಡು ಹತ್ತುವಾಗ ಒಂದು ಗಾಲಿ ಮೇಲೆ, ಇನ್ನೊಂದು ಕಾಲುವೆ ಬಾಯಲ್ಲಿ; ಇಡೀ ಚಾಸಿ ತಿರುಚಿಕೊಳ್ಳುತ್ತದೆ. ಸಿ ಆಕಾರದ ಚಾನೆಲ್ಲಿಗೆ ಬಾಗುವ ಭಾರ ತಡೆಯುವ ಶಕ್ತಿ ಇದೆ, ತಿರುಚುವುದನ್ನು ತಡೆಯುವ ಶಕ್ತಿ ಬಹಳ ಕಡಿಮೆ. ಹಾಗೆ ತಿರುಚಿದಾಗಲೆಲ್ಲ ಆ ಎಳೆತ ಬಂದು ಸೇರುವುದು ಚಾನೆಲ್ಲಿನ ಅಂಚಿನ ಮೇಲಿರುವ ವೆಲ್ಡಿಂಗಿನ ತುದಿಗಳಲ್ಲಿ. ಲಾರಿ ಕಂಪನಿಗಳು ಚಾಸಿಯ ಮೇಲಂಚಿಗೂ ಕೆಳಂಚಿಗೂ ತೂತು ಹೊಡೆಯಬೇಡಿ, ವೆಲ್ಡಿಂಗ್ ಮಾಡಬೇಡಿ ಎಂದು ಬಾಡಿ ಕಟ್ಟುವವರಿಗೆ ಹೇಳುವುದು ಇದಕ್ಕೇ; ಅವರ ಬ್ರಾಕೆಟ್ಟುಗಳು ಚಾನೆಲ್ಲಿನ ನಡುಭಾಗಕ್ಕೆ ರಿವೆಟ್ಟಿನಲ್ಲೋ ಬೋಲ್ಟಿನಲ್ಲೋ ಕೂತಿರುತ್ತವೆ. ಟ್ರಾಲಿಯಲ್ಲಿ ಬ್ರಾಕೆಟ್ಟು ಕೂರುವುದೇ ಕೆಳಂಚಿನ ಮೇಲೆ, ಅಡ್ಡ ವೆಲ್ಡಿಂಗಿನಲ್ಲಿ. ಸಂಡೂರಿನ ಅದಿರು, ತೋರಣಗಲ್ಲಿನ ಉಕ್ಕು ಅಂತ ಹೆಮ್ಮೆಪಡುವ ನಾಡು ನಮ್ಮದು. ಟ್ರಾಲಿಯ ಚಾನೆಲ್ಲಿನ ಮೇಲೆ ಕಂಪನಿಯ ಅಚ್ಚು ಇದೆಯೇ, ಐಎಸ್ 2062 ಎಂಬ ಉಕ್ಕಿನ ಗುಣಮಟ್ಟದ ಗುರುತು ಇದೆಯೇ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ.

ಅಣ್ಣನ ಟ್ರಾಲಿಯಲ್ಲಿ ಇನ್ನೊಂದು ದೋಷವೂ ಸಿಕ್ಕಿತು. ಅದು ಮುರಿದಿರಲಿಲ್ಲವಾದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. "ಟ್ರಾಲಿ ಅಡ್ಡ ನಡೀತೈತಿ" ಅಂತ ಡ್ರೈವರ್ ಮೊದಲಿಂದ ಅನ್ನುತ್ತಿದ್ದ, ರಸ್ತೆ ಇಳಿಜಾರು ಅಂತ ಎಲ್ಲರೂ ಸುಮ್ಮನಿದ್ದರು. ಬಲಗಡೆ ಹಿಂದಿನ ಟಯರಿನ ಗುಬ್ಬಿಗಳ ಮೇಲೆ ಕೈ ಆಡಿಸಿದರೆ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಚೂಪು. ಚಾಚಾ ಒಂದು ಜಗ್ಗದ ದಾರ ತಂದರು. ಟರ್ನ್‌ಟೇಬಲ್ಲಿನ ಕಿಂಗ್ ಪಿನ್ನಿನಿಂದ ಹಿಂದಿನ ಎಕ್ಸೆಲ್ಲಿನ ಎಡ ತುದಿಗೆ ಹಿಡಿದು ಗಂಟು ಹಾಕಿ, ಅದೇ ದಾರವನ್ನು ಬಲ ತುದಿಗೆ ಒಯ್ದರೆ ಗಂಟು ತುದಿ ಮುಟ್ಟಲೇ ಇಲ್ಲ; ಹೆಬ್ಬೆರಳ ಅಗಲಕ್ಕಿಂತ ಹೆಚ್ಚು ಅಂತರ. ಎಡಗಡೆ ಮುರಿದದ್ದನ್ನು ಮೊದಲಿನ ಗುರುತಿಗೇ ಕೂರಿಸಿ ನೋಡಿದ ಮೇಲಿನ ಮಾತಿದು. ಬಲಗಡೆಯ ಬ್ರಾಕೆಟ್ಟುಗಳನ್ನೇ ಹಿಂದೆ ಹತ್ತಿಸಿದ್ದರು. ಚಾಸಿ ತಲೆಕೆಳಗಾಗಿ ಇಟ್ಟಿರುವಾಗ, ಟೇಪು ಹಿಡಿದು ಎರಡು ನಿಮಿಷದಲ್ಲಿ ನೋಡಬಹುದಾಗಿದ್ದ ಅಳತೆ. ಹೀಗೆ ಸೊಟ್ಟಗೆ ಕೂತ ಎಕ್ಸೆಲ್ಲು ಪ್ರತಿ ಗಳಿಗೆಯೂ ಟ್ರಾಲಿಯನ್ನು ಪಕ್ಕಕ್ಕೆ ಎಳೆಯುತ್ತಿರುತ್ತದೆ. ಆ ಎಳೆತ ಹೋಗಿ ಬೀಳುವುದೂ ಅದೇ ಬ್ರಾಕೆಟ್ಟುಗಳ ಮೇಲೆ.

ಬೇರಿಂಗಿನ ವಿಷಯ, ಯು-ಬೋಲ್ಟಿನ ವಿಷಯ ಹೇಳುತ್ತ ಹೋದರೆ ಮುಗಿಯುವುದಿಲ್ಲ. ಒಂದಂತೂ ಹೇಳಬೇಕು: ಹೊಸ ಟ್ರಾಲಿಯಲ್ಲಿ ಕಮಾನನ್ನು ಎಕ್ಸೆಲ್ಲಿಗೆ ಬಿಗಿದಿಡುವ ಯು-ಬೋಲ್ಟುಗಳನ್ನು ಮೊದಲ ಕೆಲವು ಲೋಡಿನ ನಂತರ ಮತ್ತೆ ಬಿಗಿಯಲೇಬೇಕು. ಪಟ್ಟಿಗಳು ಒಂದರ ಮೇಲೊಂದು ಕೂತುಕೊಂಡು, ನಡುವಿನ ಬಣ್ಣ ಸವೆದು, ಬೋಲ್ಟು ತಾನಾಗಿ ಸಡಿಲವಾಗುತ್ತದೆ. ಸಡಿಲವಾದ ಕಟ್ಟಿನಲ್ಲಿ ಪಟ್ಟಿ ತುಂಡಾಗುವುದು ಸೆಂಟರ್ ಬೋಲ್ಟಿನ ತೂತಿನ ಹತ್ತಿರ. ಅಲ್ಲಿ ತುಂಡಾದ ಪಟ್ಟಿ ಕಂಡರೆ ಕಮಾನು ಕೆಟ್ಟದ್ದು ಅನ್ನುವ ಮೊದಲು ಬೋಲ್ಟು ನೋಡಬೇಕು. ಯಾರ್ಡಿನವರು ಇದನ್ನು ಹೇಳಿ ಕಳಿಸುವುದಿಲ್ಲ, ಕಾಯಿ ಒಡೆಯುವ ಗಡಿಬಿಡಿಯಲ್ಲಿ ಕೇಳುವವರೂ ಇರುವುದಿಲ್ಲ.

ಕಾಗದ

ಟ್ರ್ಯಾಕ್ಟರಿಗೆ ಶೋರೂಮಿದೆ, ವಾರಂಟಿ ಪುಸ್ತಕವಿದೆ, ಫ್ರೀ ಸರ್ವಿಸ್ ಇದೆ. ಟ್ರಾಲಿಗೆ ಇರುವುದು "ಗ್ಯಾರಂಟಿ ನಂದು, ಹೋಗ್ರಿ" ಅನ್ನುವ ಒಂದು ಮಾತು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಅದಕ್ಕೂ ತನ್ನದೇ ಚಾಸಿ ನಂಬರು, ತನ್ನದೇ ಭಾರದ ಮಿತಿ. ಹೊಲದ ಟ್ರಾಲಿಗೆ ಎಂಥ ನೋಂದಣಿ ಅನ್ನುವವರೇ ಹೆಚ್ಚು. ಬಿಲ್ಲು ಕೇಳಿದರೆ ಜಿಎಸ್‌ಟಿ ಸೇರುತ್ತದೆ ಅಂತ ಚೀಟಿಯಲ್ಲೇ ವ್ಯವಹಾರ ಮುಗಿಸುತ್ತಾರೆ. ಎರಡು-ಮೂರು ಲಕ್ಷದ ಸಾಮಾನು, ಕೈಯಲ್ಲಿರುವುದು ಅಡ್ವಾನ್ಸು-ಬಾಕಿ ಬರೆದ ಒಂದು ಚೀಟಿ.

ಅಣ್ಣ ಪುಣ್ಯಕ್ಕೆ ಬ್ಯಾಂಕಿನ ಸಾಲ ಎತ್ತಿದ್ದ, ಹಾಗಾಗಿ ಪಕ್ಕಾ ಬಿಲ್ಲಿತ್ತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷದ ಸರಕು ತಯಾರಿಸಿದವನು, ಮಾರಿದವನು ಇಬ್ಬರ ಮೇಲೂ ಹೊಣೆ ಹೊರಿಸಲು ಅವಕಾಶವಿದೆ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬೇಕು. 5 ಲಕ್ಷದವರೆಗಿನ ಸರಕಿಗೆ ಶುಲ್ಕವಿಲ್ಲ. ಟ್ರಾಲಿ ವ್ಯಾಪಾರಕ್ಕೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ ಎಂದು ಎದುರಿನವರು ವಾದಿಸಬಹುದು. ತನ್ನ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡದ್ದು ಆ ಲೆಕ್ಕಕ್ಕೆ ಬರುವುದಿಲ್ಲ ಅಂತ ಕಾಯ್ದೆಯೇ ಬಿಡಿಸಿ ಹೇಳಿದೆ. ಸರಕನ್ನು ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರವೂ ಆಯೋಗಕ್ಕಿದೆ. ಆದರೆ ಪರೀಕ್ಷೆಗೆ ಮುರಿದ ತುಂಡು ಉಳಿದಿರಬೇಕಲ್ಲ? ಸುಗ್ಗಿಯಲ್ಲಿ ಯಾರೂ ಕಾಯುವುದಿಲ್ಲ. ಮುರಿದ ಅರ್ಧ ಗಂಟೆಗೆ ಮುರಿದದ್ದರ ಮೇಲೇ ವೆಲ್ಡಿಂಗ್ ಹೊಡೆದು, ಸಾಕ್ಷಿಯನ್ನು ಕರಗಿಸಿ, ಇನ್ನೊಂದು ಲೋಡಿಗೆ ಹೊರಡುತ್ತಾರೆ. ಚಾಚಾ ಆ ಬ್ರಾಕೆಟ್ಟಿನ ತುದಿಯನ್ನು ಕಟರ್‌ನಲ್ಲಿ ಕೊಯ್ದು ಬೇರೆ ಇಟ್ಟು, ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿದ್ದರು.

ಇಷ್ಟಿದ್ದರೂ ಅಣ್ಣ ಆಯೋಗಕ್ಕೆ ಹೋಗಲಿಲ್ಲ, ಅದಕ್ಕೆ ಕಾರಣವೂ ಓವರ್‌ಲೋಡೇ. ಪಕ್ಕದ ಹಲಗೆ ಒಂದು ಅಡಿ ಏರಿಸಿಕೊಡಲು ಹೇಳಿದ್ದು ಅವನೇ. ಏರಿಸಿಕೊಟ್ಟದ್ದು ಯಾರ್ಡಿನವರೇ. ಬಿಲ್ಲಿನಲ್ಲಿ ಅದು ಇಲ್ಲ, ಆರ್‌ಸಿಯ ಅಳತೆಯಲ್ಲೂ ಇಲ್ಲ. ಇಬ್ಬರಿಗೂ ಗೊತ್ತಿರುವ ಈ ಗುಟ್ಟು ದೂರು ಕೊಟ್ಟ ದಿನವೇ ಹೊರಗೆ ಬರುತ್ತದೆ. ಟ್ರಾಲಿ ವ್ಯವಹಾರದ ಕೀಲಿ ಇಲ್ಲೇ ಇದೆ ಅನ್ನುವುದು ನನ್ನ ಅಂದಾಜು. ಕೊಳ್ಳುವವನು ಕಾಗದದಲ್ಲಿರುವ ಭಾರಕ್ಕೆ ಟ್ರಾಲಿ ಕೇಳುವುದಿಲ್ಲ, ಕಟ್ಟುವವನು ಕೇಳಿದ ಭಾರಕ್ಕೆ ತಕ್ಕ ಟ್ರಾಲಿ ಕಟ್ಟುವುದಿಲ್ಲ. ಕಾಗದದ ಭಾರಕ್ಕೂ ಚೀಲದ ಭಾರಕ್ಕೂ ನಡುವಿನ ಜಾಗದಲ್ಲಿ ಕೆಟ್ಟ ವೆಲ್ಡಿಂಗು, ಸೊಟ್ಟ ಎಕ್ಸೆಲ್ಲು, ಲಾರಿಯ ಹಳೆ ಹಬ್ಬು ಎಲ್ಲವೂ ನಿಶ್ಚಿಂತೆಯಿಂದ ಬದುಕುತ್ತವೆ.

ಪೇಪರಿನಲ್ಲಿ ಸುತ್ತಿದ ತುಂಡು

ಯಾರ್ಡಿಗೆ ನಾವು ಮೂವರೂ ಹೋದೆವು. ಮಾಲೀಕರು ಒಳ್ಳೆಯ ಮಾತಿನವರು, ಕುರ್ಚಿ ಹಾಕಿಸಿ ಚಹಾ ತರಿಸಿದರು. "ಎಷ್ಟು ಚೀಲ ಇತ್ರೀ ಯಜಮಾನ್ರ?" ಎಂದು ಅಣ್ಣನನ್ನೇ ಕೇಳಿದರು. ಅಣ್ಣ ಚಹಾ ನೋಡುತ್ತ ಕೂತ. ನಾನು ಪೇಪರು ಬಿಚ್ಚಿ ತುಂಡನ್ನು ಮೇಜಿನ ಮೇಲಿಟ್ಟೆ.

ಅವರು ತಿರುಗಿಸಿ ನೋಡಿದರು. "ಬಣ್ಣ ಆಮ್ಯಾಲೆ ಹೊಕ್ಕಿರಬೇಕು. ನೀವು ಟಚಪ್ ಮಾಡ್ಸಿರಬೇಕು."

"ಟಚಪ್ ಮಾಡಿಸಿದ್ರ ನೀಲಿ ಹೋಗತಿತ್ತು. ರೆಡ್ ಆಕ್ಸೈಡು ಹೆಂಗ ಹೋತು?" ಎಂದೆ.

ಅವರು ಉತ್ತರ ಕೊಡಲಿಲ್ಲ. ಶೆಡ್ಡಿನ ಕಡೆ ಕೂಗಿ ಒಬ್ಬ ಹುಡುಗನನ್ನು ಕರೆದರು. ಇಪ್ಪತ್ತು-ಇಪ್ಪತ್ತೆರಡರ ಹುಡುಗ, ತೋಳಿನ ತುಂಬ ಕಿಡಿ ಸಿಡಿದ ಕಲೆ. ತುಂಡು ಕೈಗೆ ತಗೊಂಡವನು ಮುರಿದ ಕಡೆ ನೋಡಲೇ ಇಲ್ಲ. ತಿರುಗಿಸಿ ವೆಲ್ಡಿಂಗಿನ ಸಾಲು ನೋಡಿದ. ಅದು ಯಾರ ಕೈಯದು ಅಂತ ಅವನಿಗೆ ಕೂಡಲೇ ತಿಳಿಯಿತು ಅನ್ನುವುದು ಅವನ ಮುಖದಲ್ಲಿತ್ತು. ಚಾಚಾ ಅವನನ್ನು ಆಚೆ ಕರೆದುಕೊಂಡು ಹೋಗಿ, ತಲೆಕೆಳಗಾಗಿದ್ದ ಚಾಸಿಯೊಂದರ ಮೇಲೆ ಬಗ್ಗಿ ಏನೋ ತೋರಿಸುತ್ತ ನಿಂತರು. ಬೈಯುತ್ತಿದ್ದರೋ ಕಲಿಸುತ್ತಿದ್ದರೋ ನಮಗೆ ಕೇಳಿಸಲಿಲ್ಲ. ಗುತ್ತಿಗೆಯ ರೇಟು ಗೊತ್ತುಮಾಡಿದ ಮಾಲೀಕರು ಮಾತ್ರ ಕುರ್ಚಿಯಲ್ಲೇ ಇದ್ದರು.

ಕೊನೆಗೆ ಇತ್ಯರ್ಥವಾದದ್ದು ಹೀಗೆ: ಎಂಟೂ ಬ್ರಾಕೆಟ್ಟು ಬಿಚ್ಚಿ, ಚಾನೆಲ್ಲು ಗ್ರೈಂಡ್ ಮಾಡಿ, ಹೊಸದಾಗಿ ಹತ್ತಿಸಿ, ಪ್ರತಿಯೊಂದಕ್ಕೂ ಎರಡು ಕಡೆ ಸಪೋರ್ಟ್ ಪ್ಲೇಟು, ದಾರ ಹಿಡಿದು ಎಕ್ಸೆಲ್ಲು ನೆಟ್ಟಗೆ ಮಾಡಿಕೊಡುವುದು. ಅದಕ್ಕೆ ದುಡ್ಡಿಲ್ಲ. ಸವೆದ ಟಯರು, ಬಾಡಿಗೆ ಟ್ರಾಲಿಯ ಖರ್ಚು, ಸುಗ್ಗಿಯಲ್ಲಿ ಹೋದ ದಿನಗಳು ನಮ್ಮ ಲೆಕ್ಕಕ್ಕೆ. ಹಲಗೆಯ ಮಾತು ಯಾರೂ ಎತ್ತಲಿಲ್ಲ. ಟ್ರಾಲಿ ಅಲ್ಲಿಂದಾಚೆ ಸರಿಯಾಗಿಯೇ ಇದೆ, ಅಣ್ಣ ಹೇರುವುದೂ ಮೊದಲಿನಷ್ಟೇ ಇದೆ. ನಾನು ಅಂದರೆ, "ನೀ ಮಿಲ್ಲಿನ್ಯಾಗ ರೇಟು ಏರಿಸು ತಮ್ಮಾ, ನಾ ಚೀಲ ಇಳಸ್ತೀನಿ" ಅನ್ನುತ್ತಾನೆ.

ಈ ವರ್ಷ ನಮ್ಮೂರಿನ ಹುಡುಗನೊಬ್ಬ ಅದೇ ಯಾರ್ಡಿನಲ್ಲಿ ಟ್ರಾಲಿ ಬುಕ್ ಮಾಡುತ್ತಿದ್ದಾನೆ. ಅವರು ಬರೆದುಕೊಟ್ಟ ರೇಟಿನ ಚೀಟಿಯ ಫೋಟೋ ನನಗೆ ಕಳಿಸಿದ್ದ. ಚಾಸಿ, ಬಾಡಿ, ಟಯರು, ಪೇಂಟಿಂಗು, ಇವೆಲ್ಲದರ ಕೆಳಗೆ ಹೊಸದೊಂದು ಸಾಲು: 'ಬ್ರಾಕೆಟ್ ಸಪೋರ್ಟ್ ಪ್ಲೇಟು – ಎಕ್ಸ್‌ಟ್ರಾ'. ಅದನ್ನು ಹಾಕಿಸಿಕೋ, ಪಕ್ಕಾ ಬಿಲ್ಲಿನಲ್ಲೂ ಬರೆಸಿಕೋ, ಪ್ರೈಮರ್ ಹೊಡೆಯುವ ಮೊದಲು ಒಂದು ಸಲ ನನ್ನನ್ನು ಕರೆ ಅಂತ ಹೇಳಿದ್ದೇನೆ. ಕರೆಯಲು ಅಡ್ಡಿಯಿಲ್ಲವಂತೆ. ಬಿಲ್ಲಿನಲ್ಲಿ ಬರೆದರೆ ಜಿಎಸ್‌ಟಿ ಬೇರೆ ಎಂದು ಯಾರ್ಡಿನವರು ಹೇಳಿದ್ದಾರಂತೆ. ಅದಕ್ಕೆ ಹುಡುಗ ಇನ್ನೂ ಯೋಚನೆ ಮಾಡುತ್ತಿದ್ದಾನೆ.